ಐದನೆಯ ಮುಳ್ಳು

ಕಳೆದ ತಿಂಗಳು ಗಾಂಧಿ ಬಜಾರಿನ ಹತ್ತಿರ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಲವಂಗದ ಎಣ್ಣೆಯ ವಾಸನೆ. ತುದಿ ಬಾಗಿದ ಉಕ್ಕಿನ ಕಡ್ಡಿಯಿಂದ ಅವರು ಹಲ್ಲಿನ ಬುಡಕ್ಕೆ ಅಂಟಿದ ಕಿಟ್ಟವನ್ನು ಕೆರೆಯುತ್ತಿದ್ದರು. ಆ ಸಣ್ಣ ಸದ್ದು ಕೇಳಿದ ಕೂಡಲೇ ನನ್ನ ಬಲಗೈ ಬೆರಳುಗಳು ತಾವಾಗಿಯೇ ಬಿಗಿದುಕೊಂಡವು. ನೋವಾಯಿತೇ ಎಂದು ಡಾಕ್ಟರು ನಿಲ್ಲಿಸಿದರು. ನೋವಾಗಿರಲಿಲ್ಲ. ಅಂಥದೇ ಕಡ್ಡಿಯನ್ನು ನಾನು ಒಂದು ವರ್ಷ ಹಿಡಿದಿದ್ದೆ. ಚಾಮರಾಜಪೇಟೆಯ ಒಂದು ಮನೆಯಲ್ಲಿ, ಒಂದು ಕಲ್ಲಿನ ಮೇಲೆ...

ಆ ಮನೆ ನನಗೆ ಪದವಿಯಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಮೇಡಂ ಅವರದು. ಜೊತೆಯಲ್ಲಿ ಅವರ ಅಕ್ಕ ಇದ್ದರು. ನಾನು ಆಗ ಎಂ.ಎಸ್‌ಸಿ. ಓದುತ್ತಿದ್ದೆ. ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದೆ.

ಮೇಡಂ ಬದುಕಿಡೀ ಬೆನ್ನು ಹತ್ತಿದ್ದು ಮರಳೇಡಿಗಳನ್ನು. ಏಡಿ ಎಂದು ಕರೆದರೂ ಅವು ನಿಜವಾದ ಏಡಿಗಳಲ್ಲ. ಖಾಲಿ ಶಂಖದೊಳಗೆ ಮನೆ ಮಾಡಿಕೊಳ್ಳುವ ಜೀವಿಗಳ ಬಳಗಕ್ಕೆ ಹತ್ತಿರದವು. ಅಲೆ ಹಿಂದೆ ಸರಿದ ಕೂಡಲೇ ಬಾಲದ ಕಡೆಯಿಂದ ಒದ್ದೆ ಮರಳಿಗೆ ಇಳಿದು ಕಾಣೆಯಾಗುತ್ತವೆ. ಅವುಗಳಲ್ಲಿ ಮೂರು ಕುಟುಂಬಗಳಿವೆ. ಒಂದರ ಮೈ ಮೊಟ್ಟೆಯಂತೆ, ಮುಂಗಾಲಿಗೆ ಹಿಡಿಯುವ ಕೊಂಡಿಯಿಲ್ಲ. ಉಳಿದೆರಡರ ಬೆನ್ನು ಚಪ್ಪಟೆ, ಮುಂಗಾಲಿಗೆ ಕೊಂಡಿಯುಂಟು. ಮೇಡಂ ಅವರ ಕಲ್ಲಿನಲ್ಲಿದ್ದದ್ದು ಚಪ್ಪಟೆ ಬೆನ್ನಿನದು. ಚಿಪ್ಪಿನ ಮುಂದಂಚಿಗೆ ಸಣ್ಣ ಮುಳ್ಳುಗಳ ಸಾಲು. ಇವುಗಳ ಪಳೆಯುಳಿಕೆ ಬಹಳ ವಿರಳ. ಸತ್ತ ಮೇಲೆ ತೆಳು ಚಿಪ್ಪು ಅಲೆಯ ಹೊಡೆತಕ್ಕೆ ಚೂರಾಗಿಬಿಡುತ್ತದೆ. ಸಿಕ್ಕರೆ ಬೆನ್ನಿನ ಚಿಪ್ಪೊಂದು, ಅದೂ ಅರೆಬರೆ. ಕಣ್ಣಿಲ್ಲ, ಕಾಲಿಲ್ಲ. ಯಾವ ಕುಟುಂಬ, ಅದರೊಳಗೆ ಯಾವ ಕುಲ ಎಂಬುದನ್ನು ಆ ಚಿಪ್ಪಿನಿಂದಲೇ ಹೇಳಬೇಕು.

ಕಚ್ಛ್ ಕಡೆಯ ಸುಣ್ಣಕಲ್ಲಿನ ತುಂಡೊಂದನ್ನು ಅವರ ಭೂವಿಜ್ಞಾನಿ ಗೆಳತಿ ತಂದುಕೊಟ್ಟಿದ್ದರು. "ನಮ್ಮೂರಲ್ಲಿ ಕಲ್ಲಿಗೇನು ಬರವಿಲ್ಲ. ಆದ್ರೆ ಬ್ಯೂಗಲ್ ರಾಕ್ ಇಡೀ ಒಡೆದು ಹುಡುಕಿದ್ರೂ ಒಂದು ಸೊಳ್ಳೆ ರೆಕ್ಕೆ ಸಿಗಲ್ಲ," ಎನ್ನುತ್ತಿದ್ದರು ಮೇಡಂ. ಆ ತುಂಡಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಚಿಪ್ಪು ಅರ್ಧ ಹುದುಗಿತ್ತು. ಅದನ್ನು ಬಿಡಿಸುವುದು ನನ್ನ ಕೆಲಸ. ಯಾರೋ ಹಲ್ಲಿನ ಡಾಕ್ಟರು ಎಸೆಯಲಿದ್ದ ಕಡ್ಡಿಗಳನ್ನು ಅವರು ಕೇಳಿ ತಂದಿಟ್ಟುಕೊಂಡಿದ್ದರು. ಕೆಲಸವೆಲ್ಲ ಬೀದಿಬದಿಯ ಕೋಣೆಯಲ್ಲೇ ನಡೆಯಬೇಕು. ಅದು ಅಕ್ಕನವರ ಕಟ್ಟಳೆ. "ಕಲ್ಲಾದ್ರೂ ಏಡಿ ಏಡೀನೇ. ನಡುಮನೆಗೆ ಬರಕೂಡದು," ಎಂದು ಹೊಸ್ತಿಲಾಚೆ ನಿಂತೇ ನನಗೆ ಕಾಫಿ ಕೊಡುತ್ತಿದ್ದರು.

ಮೇಡಂ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಕಾಯಿಲೆ ಹದಕ್ಕೆ ಬರುವ ತನಕ ಆಪರೇಷನ್ ಬೇಡ ಎಂದು ಕಣ್ಣಿನ ಡಾಕ್ಟರು ಹೇಳಿದ್ದರಂತೆ. ಹಾಗಾಗಿ ನೋಡುವವಳು ನಾನು. ಅವರು ಕುರ್ಚಿ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತು, ನಾನು ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಬೆನ್ನು ಯಾಕೆ ಹಾಕುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ನನಗೆ ಏನು ಬೇಕು ಅಂತ ನನ್ನ ಮುಖ ಹೇಳ್ಬಿಡತ್ತೆ ಕಣಮ್ಮ. ಆಮೇಲೆ ನಿನಗೂ ಅದೇ ಕಾಣೋಕೆ ಶುರುವಾಗತ್ತೆ."

ಒಂದು ಶನಿವಾರ ಬಲಗಡೆಯ ಅಂಚು ಪೂರ್ತಿ ತೆರೆದುಕೊಳ್ಳುವುದರಲ್ಲಿತ್ತು. ಸಾಲು ಪೂರ್ತಿ ಕಾಣುವವರೆಗೆ ಮುಳ್ಳು ಎಣಿಸಬಾರದು ಎಂದು ಮೇಡಂ ಹೇಳಿದ್ದರು. ನಾಲ್ಕನೆಯದರ ಮತ್ತು ಐದನೆಯದರ ನಡುವೆ ಉಳಿದಿದ್ದ ಚೂರು ಸುಣ್ಣವನ್ನು ಕೆರೆಯುತ್ತಿದ್ದೆ. ಕಡ್ಡಿ ಜಾರಿತು. ಎಳ್ಳಿನ ಅರ್ಧದಷ್ಟಿದ್ದ ಐದನೆಯ ಮುಳ್ಳು ಸಿಡಿದು ಹೋಯಿತು. ಮೇಜಿನ ಮೇಲೆ ಹುಡುಕಿದೆ, ಮಡಿಲಲ್ಲಿ ಹುಡುಕಿದೆ, ಮಂಡಿಯೂರಿ ಕೆಂಪು ನೆಲದ ಮೇಲೆ ಹುಡುಕಿದೆ. ಸಿಗಲಿಲ್ಲ. ಅಷ್ಟರಲ್ಲಿ ಮೇಡಂ ಒಳಗಿನಿಂದ ಬಂದು ತಮ್ಮ ಕುರ್ಚಿಯಲ್ಲಿ ಕೂತರು.

"ಎಷ್ಟು?"

"ಎಂಟು, ಮೇಡಂ."

"ಸಮ ಸಾಲಾ?"

"ನಾಲ್ಕು ಆದ್ಮೇಲೆ ಸ್ವಲ್ಪ ಜಾಗ ಇದೆ."

ಅವರ ಪೆನ್ನು ನಿಂತಿತು. ತಿರುಗಲಿಲ್ಲ. ಇನ್ನೊಂದು ಸಲ ನೋಡು ಎಂದರು. ನೋಡಿದೆ. "ಜಾಗ ಇದೆ," ಎಂದೆ. ಆಡಿದ ಒಂದೊಂದು ಮಾತೂ ನಿಜ. ಆ ಮಧ್ಯಾಹ್ನ ನಾನು ಹೇಳಿದ್ದು ಮಾತ್ರ ಸುಳ್ಳು.

ಈಗ ಬದುಕಿರುವ ಮರಳೇಡಿಗಳಲ್ಲಿ ಯಾವುದಕ್ಕೂ ಮುಳ್ಳಿನ ಸಾಲಿನಲ್ಲಿ ಅಂಥ ಅಂತರ ಇರುವುದು ಅವರಿಗೆ ಗೊತ್ತಿರಲಿಲ್ಲ. ಹಾಗಾದರೆ ಇದು ಹೊಸ ಕುಲ. ಎಡಗಡೆಯ ಅಂಚು ಇನ್ನೂ ಕಲ್ಲಿನೊಳಗೇ ಇತ್ತು, ಅದಕ್ಕೂ ಅವರು ಕಾಯಲಿಲ್ಲ. ಮುಂದಿನ ಮೂರು ವಾರ ಅವರು ಹಳೆಯ ವಿಜ್ಞಾನ ಪತ್ರಿಕೆಗಳನ್ನು ನನ್ನಿಂದ ಓದಿಸಿದರು, ಗೆಳತಿಗೆ ಫೋನ್ ಮಾಡಿದರು, ಲೇಖನ ಹೇಳಿ ಬರೆಸಿದರು. ಅಷ್ಟು ಜೋರಾಗಿ ಅವರು ನಗುವುದನ್ನು ನಾನು ಕೇಳಿರಲಿಲ್ಲ. "ನಾಮಕರಣ ಯಾವತ್ತೇ?" ಎಂದು ಅಕ್ಕ ಹೊಸ್ತಿಲಿನಿಂದ ಕೇಳಿದರು. "ತೊಟ್ಟಿಲು ಅಟ್ಟದ ಮೇಲಿದೆ, ಇಳಿಸ್ಲಾ?" ಆ ದಿನ ಕೊಟ್ಟ ಕಾಫಿಯನ್ನು ನಾನು ಪೂರ್ತಿ ಕುಡಿಯಲಿಲ್ಲ.

ನಾಲ್ಕನೆಯ ಶನಿವಾರ ಲೇಖನ ಟೈಪ್ ಆಗಿ ಬಂದಿತ್ತು. ಸೋಮವಾರ ಅಂಚೆಗೆ ಹೋಗಬೇಕು. ತಪ್ಪುಗಳಿದ್ದರೆ ತಿದ್ದಲು ನಾನು ಗಟ್ಟಿಯಾಗಿ ಓದುತ್ತಿದ್ದೆ. ಮುಳ್ಳುಗಳ ನಡುವಿನ ಸ್ಪಷ್ಟ ಅಂತರದ ವಾಕ್ಯಕ್ಕೆ ಬಂದಾಗ ಹಾಳೆಯನ್ನು ಮೇಜಿನ ಮೇಲಿಟ್ಟೆ.

"ಯಾಕೆ ನಿಲ್ಸಿದೆ? ಸ್ಪೆಲಿಂಗ್ ತಪ್ಪಿದ್ಯಾ?"

"ಅಲ್ಲಿ ಜಾಗ ಇರ್ಲಿಲ್ಲ, ಮೇಡಂ. ಮುಳ್ಳಿತ್ತು. ನಾನು ಮುರಿದ್ಬಿಟ್ಟೆ."

ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವ ಸದ್ದು ಕೇಳಿತು. ನನಗೆ ಮೇಡಂ ಅವರ ಕೈ ಮಾತ್ರ ನೆನಪಿದೆ. ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಆಮೇಲೆ, "ಕಲ್ಲು ತಗೊಂಡು ಕಿಟಕಿ ಹತ್ರ ಕೂತ್ಕೋ," ಎಂದರು. ತಮ್ಮ ಕುರ್ಚಿಯನ್ನು ಎಂದಿನಂತೆ ತಿರುಗಿಸಿ, ನನಗೆ ಬೆನ್ನು ಹಾಕಿ, ಪುಸ್ತಕ ತೆರೆದರು.

"ಆ ಜಾಗದಲ್ಲಿ ಬುಡ ಕಾಣತ್ತಾ?"

"ಕಾಣತ್ತೆ."

"ಬಣ್ಣ?"

"ಬಿಳಿ. ಹೊಸ ಒಡಕು. ಬೇರೆ ಮುಳ್ಳೆಲ್ಲ ಕಂದು."

"ಹಾಗಾದ್ರೆ ಎಷ್ಟು?"

"ಒಂಬತ್ತು, ಮೇಡಂ."

ಅವರು ಬರೆದುಕೊಂಡರು. ನನ್ನ ಅದೇ ಕಣ್ಣುಗಳು ಹೇಳಿದ್ದನ್ನು, ಅದೇ ದಪ್ಪ ಅಕ್ಷರದಲ್ಲಿ. ಹಳೆಯ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದರು. ಕೆಳಗಿನ ಅಕ್ಷರ ಓದುವಂತೆಯೇ ಉಳಿಯಿತು. ಕಲ್ಲಿನ ಚೀಟಿಯ ಮೇಲೆ, ಲೇಖನದಲ್ಲೂ, ಐದನೆಯ ಮುಳ್ಳು ಸ್ವಚ್ಛಗೊಳಿಸುವಾಗ ಮುರಿದಿದೆ ಎಂದು ನನ್ನಿಂದ ಬರೆಸಿದರು. ನಾನು ಮುರಿದೆನೆಂದು ನನ್ನ ಹೆಸರು ಸೇರಿಸಲೇ ಎಂದು ಕೇಳಿದೆ.

"ಯಾರು ಮುರಿದ್ರು ಅಂತ ಮುಂದೆ ನೋಡೋರಿಗೆ ಬೇಕಿಲ್ಲ. ಯಾವಾಗ ಮುರೀತು ಅಂತ ಬೇಕು."

ನನಗೆ ಅಳು ಬಂತು. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. "ಬೇಜಾರಾಗಿದೆ ಕಣಮ್ಮ. ಇಲ್ಲ ಅಂದ್ರೆ ಸುಳ್ಳಾಗತ್ತೆ," ಎಂದರು. ಒಗ್ಗರಣೆಯ ಘಮ ಕೋಣೆಯವರೆಗೂ ಬಂದ ಮೇಲೆ ಮತ್ತೆ ಮಾತಾಡಿದರು. "ಆದ್ರೆ ನೋಡು. ಹೊಸ ಕುಲ ಅಂತಾಗಿದ್ರೆ ಅದರ ವಂಶ ಆ ಕಲ್ಲಲ್ಲೇ ಮುಗೀತು ಅಂತ ಬರೀಬೇಕಿತ್ತು. ಈಗಿರೋ ಕುಲಾನೇ ಅಂದ್ರೆ, ಅದರ ಕಡೆಯವ್ರು ಇವತ್ತೂ ಮಲ್ಪೆಲಿ ಮರಳು ತೋಡ್ತಾ ಇದಾರೆ."

"ಹಾಗಾದ್ರೆ ತೊಟ್ಟಿಲು ಬೇಡ್ವಾ?" ಎಂದರು ಹೊಸ್ತಿಲಿಗೆ ಬಂದಿದ್ದ ಅಕ್ಕ.

"ಬೇಡಕ್ಕ. ಮಗೂಗೆ ಹೆಸರು ಆಗ್ಲೇ ಇದೆಯಂತೆ."

ಮರುವಾರ ಹೋಗಲೋ ಬೇಡವೋ ಎಂದು ಬೀದಿಯ ತಿರುವಿನಲ್ಲಿ ಬಹಳ ಹೊತ್ತು ನಿಂತಿದ್ದೆ. ಬಾಗಿಲು ತೆರೆದವರು ಮೇಡಂ. ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, "ಎಡಗಡೆ ಅಂಚು ಬಾಕಿ ಇದೆ," ಎಂದರು. ಅಷ್ಟೇ.

ಲೇಖನ ಒಂದು ಸಣ್ಣ ಪತ್ರಿಕೆಯಲ್ಲಿ ಬಂತು. ಹೆಚ್ಚು ಜನ ಓದಿದಂತೆ ಕಾಣಲಿಲ್ಲ. ಆಪರೇಷನ್ ಆಗಿ ಕಣ್ಣು ತಿಳಿಯಾದ ಮೇಲೆ ಮೇಡಂ ಒಮ್ಮೆ ಆ ಕಲ್ಲನ್ನು ಭೂತಗನ್ನಡಿಯ ಕೆಳಗಿಟ್ಟುಕೊಂಡು ಒಂದು ಗಂಟೆ ಕೂತರು. "ಒಂಬತ್ತೇ," ಎಂದು ಎದ್ದರು. ಮುಂದೆ ನಾನು ಶೇಷಾದ್ರಿಪುರಂ ಕಡೆಯ ಕಾಲೇಜೊಂದಕ್ಕೆ ಪಾಠ ಮಾಡಲು ಸೇರಿದಾಗ, ಕಲ್ಲನ್ನೂ ಟಿಪ್ಪಣಿ ಪುಸ್ತಕವನ್ನೂ ಅಲ್ಲಿನ ಬೀರುವಿಗೆ ಕೊಟ್ಟರು. ಅಕ್ಕ ಮೊದಲು ಹೋದರು. ಎರಡು ವರ್ಷದ ನಂತರ ಮೇಡಂ. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ...

ಹಲ್ಲಿನ ಡಾಕ್ಟರಲ್ಲಿಗೆ ಹೋಗಿಬಂದ ಮರುವಾರ ಒಂದು ಇ-ಮೇಲ್ ಬಂತು. ಬರೆದವಳು ಕರಾವಳಿಯ ಕಡೆಯ ಒಬ್ಬ ಯುವ ಸಂಶೋಧಕಿ. ಮರಳೇಡಿಗಳ ಹಳೆಯ ವಿಂಗಡಣೆಯನ್ನೆಲ್ಲ ಮತ್ತೆ ಪರಿಶೀಲಿಸುತ್ತಿದ್ದಾಳಂತೆ. ನಮ್ಮ ಲೇಖನವನ್ನು ಪಕ್ಕಕ್ಕಿಡಲಿದ್ದವಳು ಮುಳ್ಳು ಮುರಿದಿದೆ ಎಂಬ ಆ ವಾಕ್ಯದ ಹತ್ತಿರ ನಿಂತಳಂತೆ. 'ಇದನ್ನು ಹೀಗೆ ಬರೆದವರು ಉಳಿದದ್ದನ್ನೂ ಕಂಡ ಹಾಗೆಯೇ ಬರೆದಿರುತ್ತಾರೆ ಅನ್ನಿಸಿತು, ಮೇಡಂ.' ಹಾಗಾಗಿ ಬೆನ್ನಿನ ಗೆರೆಗಳನ್ನು ನಾವು ವಿವರಿಸಿದ್ದ ಭಾಗವನ್ನು ಮತ್ತೆ ಓದಿದಳು. ಆ ಗೆರೆಗಳು ತುಂಡಾಗಿರುವ ರೀತಿ ಈಗಿನ ಕುಲಕ್ಕೆ ಹೊಂದುವುದಿಲ್ಲವಂತೆ. ಮುಳ್ಳಿಗೂ ಇದಕ್ಕೂ ಸಂಬಂಧವಿಲ್ಲ. ಗೆರೆಗಳನ್ನು ನೋಡಿದರೆ ಅದು ಹತ್ತಿರದ ಬೇರೊಂದು ಕುಲ, ಇನ್ನೂ ಹೆಸರಿಡದ್ದು, ಇರಬಹುದಂತೆ. ಕಲ್ಲನ್ನು ಕಣ್ಣಾರೆ ನೋಡದೆ ಹೇಳಲಾರೆ ಎಂದು ಬರೆದಿದ್ದಾಳೆ. ನನಗೆ ಈ ಎಚ್ಚರಿಕೆ ಹಿಡಿಸಿತು.

ಗುರುವಾರ ಬರುತ್ತಾಳೆ. ನಾನು ಏನನ್ನೂ ಮೊದಲೇ ಹೇಳುವುದಿಲ್ಲ. ಅವಳು ನೋಡಿ ಮುಗಿಸಲಿ. ಮೇಡಂ ವಿಂಗಡಿಸಿದ್ದು ತಪ್ಪೆಂದು ಗುರುವಾರ ತೀರ್ಮಾನವಾದರೆ, ಆ ಸುದ್ದಿಯಿಂದ ಎಲ್ಲರಿಗಿಂತ ಹೆಚ್ಚು ಖುಷಿಪಡುವವರು ಒಬ್ಬರಿದ್ದರು. ಅವರಿಗೆ ಅದನ್ನು ಹೇಳುವ ದಾರಿ ಈಗ ನನಗಿಲ್ಲ.