ತಾಯಿ ಹೋಟೆಲಿನ ಫ್ರೈಡ್ ರೈಸ್

ಕೊರೊನಾ ಗಲಾಟೆ ಮುಗಿದು ಮಧುಗಿರಿಯಲ್ಲಿ ಹೋಟೆಲುಗಳೆಲ್ಲ ಮತ್ತೆ ಬಾಗಿಲು ತೆರೆದ ವರ್ಷ ಅದು. ನಮ್ಮ ಮನೆಯ ಎದುರಿನ ಮಳಿಗೆಗೆ ರಂಗನಾಥ ಎಂಬವರು ಹೆಂಡತಿಯೊಂದಿಗೆ ಬಂದರು. ಮುಂದೆ ಹೋಟೆಲು, ಹಿಂದಿನ ಕೋಣೆಯಲ್ಲಿ ಸಂಸಾರ. ಅವರು ತೋವಿನಕೆರೆಯವರು. ಥಾಯ್ಲೆಂಡಿನ ಹೋಟೆಲೊಂದರ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದು, ಅಲ್ಲಿನ ಹುಡುಗಿಯನ್ನೇ ಮದುವೆಯಾಗಿದ್ದರು. ಅವಳ ಹೆಸರು ಮಲಿ. ಹಾಗೆಂದರೆ ಅವರ ಭಾಷೆಯಲ್ಲಿ ಮಲ್ಲಿಗೆಯಂತೆ. ನಮ್ಮ ಬೀದಿಯವರು ಅವಳನ್ನು ಬಂದ ವಾರದಲ್ಲೇ ಮಲ್ಲಮ್ಮ ಮಾಡಿಬಿಟ್ಟರು.

ಬೋರ್ಡು ಬರೆದವನಿಗೆ ‘ಥಾಯ್ ಹೋಟೆಲ್’ ಎಂಬುದು ತಪ್ಪಾಗಿ ಕಂಡಿರಬೇಕು. ‘ತಾಯಿ ಹೋಟೆಲ್’ ಎಂದು ತಿದ್ದಿ ಬರೆದಿದ್ದ. “ಯಾವ ತಾಯಿ, ಮಾರಮ್ಮ ತಾಯೀನಾ?” ಎಂದು ಜನ ರೇಗಿಸಿದರೆ ರಂಗನಾಥ, “ಇರ್ಲಿ ಬುಡಿ, ತಾಯಿ ಹೆಸ್ರನ್ನ ಯಾವನು ಬ್ಯಾಡ ಅಂತಾನೆ” ಎಂದು ನಗುತ್ತಿದ್ದರು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷನ್ನು ಮಲಿಯ ಹತ್ತಿರ ಬಳಸಬಹುದೆಂದು ನಾನು ಒಳಗೊಳಗೇ ಹಿಗ್ಗಿದ್ದೆ. ಅವಳಿಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲ. ತೋವಿನಕೆರೆ ಕನ್ನಡ ಬರುತ್ತಿತ್ತು. “ಬಾ ಅಕ್ಕ, ಕುಂತ್ಕೊ” ಎನ್ನುತ್ತಿದ್ದಳು, ಕುರ್ಚಿಯನ್ನು ಸೆರಗಿಲ್ಲದ ಅಂಗಿಯ ತುದಿಯಿಂದಲೇ ಒರೆಸುತ್ತ.

ಮೆನುವಿನಲ್ಲಿ ತೆಂಗಿನಹಾಲಿನ ಹಸಿರು ಸಾರು, ಹುಳಿಖಾರದ ಸೂಪು, ಪರಂಗಿಕಾಯಿ ತುರಿದು ಮಾಡುವ ಕೋಸಂಬರಿ ಎಲ್ಲವೂ ಇದ್ದವು. ಬಂದವರು ಮೆನುವನ್ನು ಮೇಲಿಂದ ಕೆಳಗೆ ನೋಡಿ, ಮುಚ್ಚಿಟ್ಟು, “ನಾಕು ಫ್ರೈಡ್ ರೈಸ್ ಕೊಡಿ” ಎನ್ನುತ್ತಿದ್ದರು. ಕೋರ್ಟಿಗೆ ಬಂದವರು ಜೊತೆಗೆ ಮೊಸರು ಕೇಳುತ್ತಿದ್ದರು. ಒಬ್ಬ ಅಜ್ಜ ತನ್ನ ಮೊಮ್ಮಗನಿಗೆ, “ನಮ್ ಚಿತ್ರಾನ್ನನೇ ಕಣ್ಲಾ ಇದು, ಬಿಸಿಲಿಗೆ ಕರ‍್ರಗಾಗೈತೆ ಅಷ್ಟೇಯ” ಎಂದಾಗ ಹೋಟೆಲೆಲ್ಲ ನಕ್ಕಿತ್ತು.

ಒಂದು ಭಾನುವಾರ ನಾವೂ ಹೋದೆವು. ನಾನು, ನಮ್ಮವರು, ಇಬ್ಬರು ಮಕ್ಕಳು, ಅತ್ತೆ. ರಂಗನಾಥ ಹತ್ತಿರ ಬಂದು, “ಅಕ್ಕ, ಅಲ್ಲಿ ಹೆಂಗೆ ಅಂದ್ರೆ, ಎಲ್ಲರ ತಟ್ಟೆಗೂ ಬರೀ ಅನ್ನ. ಎರಡು ಮೂರು ಥರದ ಸಾರು ನಡುವೆ ಇಟ್ಕಂಡು ಎಲ್ಲಾರೂ ಹಂಚ್ಕಂಡು ತಿಂತಾರೆ. ಇವತ್ತು ಹಂಗೇ ಕೊಡ್ಲಾ?” ಎಂದು ಆಸೆಯಿಂದ ಕೇಳಿದರು.

ಅತ್ತೆ ವೈ.ಎನ್. ಹೊಸಕೋಟೆ ಕಡೆಯವರು, ಮಾತು ನೇರ. “ಒಂದೇ ಬಟ್ಲಿಗೆ ಎಲ್ಲಾರೂ ಚಮಚ ಅದ್ದೋದಾ? ಎಂಜಲಾಗಲ್ವೇನಪ್ಪಾ? ಆ ಫ್ರೈಡ್ ರೈಸೇ ತಾ. ಒಬ್ಬೊಬ್ರಿಗೆ ಒಂದೊಂದು.”

ಐದು ತಟ್ಟೆ ಬಂದವು. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಲಿ ನಮ್ಮನ್ನು ನೋಡಿ ಗಂಡನಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. “ಏನಂತೆ?” ಎಂದೆ. “ಏನಿಲ್ಲ ಬುಡಕ್ಕ” ಎಂದು ಅವರು ಮಾತು ತೇಲಿಸಿದರು.

ಮಧ್ಯಾಹ್ನ ಗಿರಾಕಿಗಳು ಹೋದ ಮೇಲೆ ಅವರಿಬ್ಬರ ಊಟ. ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ನನಗೆ ಕಾಣುತ್ತಿತ್ತು. ನಡುವೆ ಎರಡು ಬಟ್ಟಲು, ಎದುರುಬದುರು ಇಬ್ಬರು. ಅವರು ಮೀನಿನ ಮುಳ್ಳು ಬಿಡಿಸಿ ಅವಳ ಅನ್ನದ ಮೇಲಿಡುತ್ತಿದ್ದರು. ಅವಳು ಮಾತಾಡುತ್ತಲೇ ಇರುತ್ತಿದ್ದಳು.

ಹೋದ ವರ್ಷ ಒಂದು ಬೆಳಗ್ಗೆ ರಂಗನಾಥ ಎದೆನೋವೆಂದು ಕೂತರು. ತುಮಕೂರಿಗೆ ಕರೆದೊಯ್ಯುವ ದಾರಿಯಲ್ಲೇ ಹೋಗಿಬಿಟ್ಟರು. ತೋವಿನಕೆರೆಯಲ್ಲಿ ಅವರ ಅಣ್ಣನ ಹೊಲದಲ್ಲಿ ಮಣ್ಣು ಮಾಡಿದರು. “ಹನ್ನೊಂದನೇ ದಿನದವರ್ಗೂ ಇಲ್ಲೇ ಇರಮ್ಮ” ಎಂದು ಅಣ್ಣ ಎಷ್ಟು ಹೇಳಿದರೂ ಮಲಿ ಕೇಳಲಿಲ್ಲ. ಗಂಡ ಬದುಕಿದ್ದ ಮನೆಗೇ ಹೋಗುತ್ತೇನೆಂದು ಮೂರನೇ ದಿನದ ಹಾಲುತುಪ್ಪದ ಶಾಸ್ತ್ರ ಮುಗಿಸಿ ಮಧುಗಿರಿಗೆ ಬಂದುಬಿಟ್ಟಳು. ಈ ದೇಶದಲ್ಲಿ ಅವಳಿಗೆ ತನ್ನವರು ಎನ್ನಲು ಇದ್ದದ್ದು ಅವರೊಬ್ಬರೇ. ಅವಳಿನ್ನು ಇಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬ ಯೋಚನೆ ನನ್ನನ್ನು ಅವತ್ತೇ ಹಿಡಿದುಕೊಂಡಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಊಟ ಕೊಡಬೇಕು. ನಮ್ಮ ಬೀದಿಯವರು ಅದರಲ್ಲಿ ಒಂದಿಷ್ಟೂ ಕಮ್ಮಿ ಮಾಡಲಿಲ್ಲ. ಆದರೆ ಏನು ಕೊಡುವುದು? “ಮುದ್ದೆ ನುಂಗಾಕೆ ಬತ್ತದೋ ಇಲ್ವೋ ಪಾಪ. ಅವ್ರ ದೇಸದ ಊಟ ಫ್ರೈಡ್ ರೈಸ್ ತಾನೆ, ಅದನ್ನೇ ಕೊಡಾನ” ಎಂದು ನಲ್ಲಿಯ ಹತ್ತಿರ ಒಬ್ಬರೆಂದರು. ಎಲ್ಲರಿಗೂ ಅದೇ ಸರಿಯೆನಿಸಿತು. ಕೆಲವರು ಮನೆಯಲ್ಲೇ ಮಾಡಿದರು, ಕೆಲವರು ಗೋಬಿ ಗಾಡಿಯಿಂದ ಕಟ್ಟಿಸಿಕೊಂಡು ಬಂದರು. ಸೂತಕವಲ್ಲವೇ, ಹೊಸ್ತಿಲ ಬಳಿ ಡಬ್ಬಿ ಇಟ್ಟು, “ಉಣ್ಣಮ್ಮ” ಎಂದು ಹೇಳಿ, ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದರು.

ಅವಳು ಬಂದ ಮರುದಿನ ಮಧ್ಯಾಹ್ನ ನಾನೂ ಹೋದೆ. ಕ್ಯಾರೆಟ್, ಬೀನ್ಸು ಸಣ್ಣಗೆ ಹೆಚ್ಚಿ ಫ್ರೈಡ್ ರೈಸನ್ನೇ ಮಾಡಿದ್ದೆ. ಒಳಗೆ ಟೇಬಲ್ ಮೇಲೆ ಡಬ್ಬಿಗಳು ಸಾಲಾಗಿದ್ದವು, ಒಂದರ ರಬ್ಬರ್ ಬ್ಯಾಂಡನ್ನೂ ಬಿಚ್ಚಿರಲಿಲ್ಲ. ಮಲಿ ನನ್ನ ಡಬ್ಬಿಯ ಮುಚ್ಚಳ ತೆಗೆದು ನೋಡಿ ಸ್ವಲ್ಪ ನಕ್ಕಳು. ಆಮೇಲೆ ಅಳತೊಡಗಿದಳು.

“ಯಾಕೆ ಮಲಿ? ನಿಮ್ಮ ಕಡೆ ಊಟ ಅಂತಲೇ ಎಲ್ಲರೂ ತಂದದ್ದು…” ಎಂದೆ.

“ನಮ್ಮೂರಲ್ಲಿ ಮನೇಲಿ ಯಾರೂ ಇಲ್ದಾಗ ಇದು ಅಕ್ಕ. ಒಂದು ಜನ, ಒಂದು ತಟ್ಟೆ. ಜನ ಇದ್ರೆ ಅನ್ನ ಮಾಡ್ತಾರೆ, ನಡುವೆ ಸಾರು ಇಡ್ತಾರೆ.” ಮೂಗೊರೆಸಿಕೊಂಡಳು. “ಅವತ್ತು ನೀವು ಐದು ಜನ ಬಂದ್ರಿ. ಐದು ಫ್ರೈಡ್ ರೈಸ್. ನಾನು ನಮ್ಮೋರಿಗೆ ಹೇಳ್ದೆ, ಪಾಪ, ಇವರೆಲ್ಲ ಒಬ್ಬೊಬ್ರೇ ಅಂತ.”

ಡಬ್ಬಿಗಳ ಕಡೆ ನೋಡಿದಳು. “ಈಗ ನಾನು ಒಬ್ಳೇ. ಎಲ್ಲಾರ್ಗೂ ಗೊತ್ತಾಗೋಯ್ತು.”

ನಾನು ಅಡುಗೆಮನೆಗೆ ಹೋದೆ. ಒಂದು ದೊಡ್ಡ ತಟ್ಟೆ ತಂದು ಡಬ್ಬಿಯಲ್ಲಿದ್ದುದನ್ನು ಸುರಿದು ನಡುವೆ ಇಟ್ಟೆ. ಎರಡು ಚಮಚ ಹಾಕಿದೆ. ಆರಿ ಹೋಗಿತ್ತು, ಉಪ್ಪೂ ಹೆಚ್ಚಾಗಿತ್ತು. ಇಬ್ಬರೂ ತಿಂದೆವು. ಕ್ಯಾರೆಟ್ಟಿನ ಚೂರುಗಳನ್ನು ಅವಳು ಚಮಚದಿಂದ ನನ್ನ ಕಡೆಗೆ ತಳ್ಳುತ್ತಿದ್ದಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು, ಅಲ್ಲಿಂದ ಎದುರಿನ ಹೋಟೆಲಿನ ಒಳಗೆಲ್ಲ ಕಾಣುತ್ತದೆ. “ಸೂತಕದ ಮನೇಲಿ ಉಂಡ್ಕಂಡ್ ಬಂದ್ಯೇನೆ? ಅದೂ ಒಂದೇ ತಟ್ಟೇಲಿ?”

“ಹೂಂ ಅತ್ತೆ.”

“ನೀರು ಕಾದೈತೆ, ಹೋಗು” ಎಂದಷ್ಟೇ ಅಂದರು. ಸ್ನಾನ ಮಾಡಿ ಬಂದ ಮೇಲೆ ಮೆಲ್ಲಗೆ ಕೇಳಿದರು, “ಆ ಅಮ್ಮಾಯಿ ಎಷ್ಟು ತಿಂದ್ಲು?”

“ಅರ್ಧ ತಿಂದಳು.”

“ನಾಳೆ ಅನ್ನ ಸಾರು ಮಾಡು. ಜಾಸ್ತೀನೇ ಮಾಡು.”

ಅಂದಿನಿಂದ ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಹನ್ನೊಂದನೇ ದಿನ ಕಳೆದ ಮೇಲೂ ಬಿಡಲಿಲ್ಲ. ಉಳಿದುಕೊಳ್ಳುತ್ತಾಳೆ ಎಂದೇ ನಂಬಿದ್ದೆ. ಆದರೆ ಕೆಲವು ತಿಂಗಳಾದ ಮೇಲೆ ಒಂದು ದಿನ ಥಾಯ್ಲೆಂಡಿಗೆ, ತನ್ನ ಅಕ್ಕನ ಊರಿಗೆ ಹೋಗುತ್ತೇನೆಂದಳು. “ಯಾಕೆ ಮಲಿ, ನಾನು ಬರ್ತೀನಲ್ಲ” ಎಂದೆ.

“ಬತ್ತೀಯ ಅಕ್ಕ. ಮಧ್ಯಾಹ್ನ ಬತ್ತೀಯ,” ಎಂದಳು. “ರಾತ್ರಿಗೆ?”

ರಾತ್ರಿ ನನಗೆ ನನ್ನ ಮನೆ, ಗಂಡ, ಮಕ್ಕಳು. ಅವಳು ಹೊರಟುಹೋದಳು.

ಈಗಲೂ ಅಲ್ಲಿಂದ ಆಗಾಗ ಫೋನ್ ಮಾಡುತ್ತಾಳೆ. ಮೊದಲ ಮಾತೇ, “ಊಟ ಆಯ್ತಾ ಅಕ್ಕ?” ಆಯಿತೆನ್ನುತ್ತೇನೆ, ನಿಂದು ಎಂದು ಕೇಳುತ್ತೇನೆ. ಆಯಿತು ಎನ್ನುತ್ತಾಳೆ. ಅವಳ ಹಿಂದೆ ಬೇರೆ ದನಿ ಕೇಳುತ್ತದೆಯೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತೇನೆ. ಯಾರ ಜೊತೆ ಉಂಡೆ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.