ರಕ್ತದಾಗ ಏನೂ ಇಲ್ರಿ

ಗೆಳೆಯರೇ, ಹುಮನಾಬಾದಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಕಲಿಯುತ್ತಿರುವ ನನ್ನನ್ನೇ ಇವತ್ತು ಒಬ್ಬರು ಪರೀಕ್ಷಿಸಿದರು. ಚಳಿಜ್ವರವೆಂದು ಬಂದಿದ್ದ ಘಾಟಬೋರಾಳದ ಗೌಡತಿಯ ರಕ್ತದಲ್ಲಿ ಮಲೇರಿಯಾ ಕಾಣಲಿಲ್ಲ. ಖುಷಿಯಿಂದ, "ಯವ್ವಾ, ನಿಮ್ಮ ರಕ್ತದಾಗ ಏನೂ ಇಲ್ರಿ" ಅಂದೆ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏನ್ ಮಾತಾಡಾಕತ್ತಿ? ಖಾಂದಾನಿ ರಕ್ತ ಅದ ಇದು, ದೊಡ್ಡ ಮನೆತನದ್ದು! ಏನೂ ಇಲ್ಲಂದ್ರ ಹ್ಯಾಂಗ?"

ಜಗಳ ಬೇಡವೆಂದು, "ತಪ್ಪಾತ್ರಿ, ಎಲ್ಲಾ ಅದರಿ" ಅಂದುಬಿಟ್ಟೆ.

ಆಕೆ ನೆಟ್ಟಗೆ ಡಾಕ್ಟರ ಬಳಿ ಹೋಗಿ, "ನನ್ನ ರಕ್ತದಾಗ ಎಲ್ಲಾ ಅದಂತ್ರಿ" ಎಂದು ಬೀಗಿದಳು. ಡಾಕ್ಟರು ಗಾಬರಿಯಿಂದ ಓಡಿಬಂದು ಸೂಕ್ಷ್ಮದರ್ಶಕದಲ್ಲಿ ತಾವೇ ನೋಡಿದರು. "ರಕ್ತದಾಗ ಏನೂ ಇಲ್ಲ. ನಿನ್ನ ತಲ್ಯಾಗೂ ಏನೂ ಇಲ್ಲ!" ಎಂದು ನನಗೆ ಬೈದರು.

ಗೌಡತಿ ಅಡ್ಡ ಬಂದಳು. "ಹುಡುಗ ಶ್ಯಾಣ್ಯಾ ಇದ್ದಾನ. ಸಾಹೇಬ್ರ, ನೀವೇ ಇನ್ನೊಮ್ಮೆ ಕಲೀರಿ."

ಈ ಕೋರ್ಸಿನಲ್ಲಿ ನನ್ನನ್ನು ಇಲ್ಲಿಯವರೆಗೆ ಪಾಸು ಮಾಡಿದವಳು ಆಕೆ ಒಬ್ಬಳೇ.