ಲೂಸಿಯ ಬೆನ್ನಿನ ಮೇಲೆ ನನ್ನ ಚರ್ಮ

1965ರ ನವೆಂಬರ್ ತಿಂಗಳು. ಕಾಪುವಿನ ಸರ್ಕಾರಿ ಶಾಲೆಯೊಂದರಲ್ಲಿ ನಾನು ತಾತ್ಕಾಲಿಕ ಟೀಚರ್ ಆಗಿ ಸೇರಿ ಆರು ತಿಂಗಳಾಗಿತ್ತಷ್ಟೆ. ನಮ್ಮ ಮನೆ ಕಲ್ಯಾಣಪುರದಲ್ಲಿ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅಮ್ಮ, ನಾನು, ಹದಿನೆಂಟು ವರ್ಷದ ತಂಗಿ ಲೂಸಿ ಮೂವರೇ.

ಒಂದು ಶನಿವಾರ ಕುಚ್ಚಲಕ್ಕಿಗೆಂದು ಅಂಗಳದಲ್ಲಿ ಭತ್ತ ಬೇಯಿಸುತ್ತಿದ್ದಾಗ ಒಲೆಯ ಕಲ್ಲು ಜಾರಿ ಹಂಡೆ ಮಗುಚಿತು. ಬೆನ್ನು ತಿರುಗಿಸಿ ಕುಳಿತಿದ್ದ ಲೂಸಿಯ ಮೇಲೆ ಕುದಿಯುವ ನೀರೆಲ್ಲ ಸುರಿಯಿತು. ಕುತ್ತಿಗೆಯಿಂದ ಸೊಂಟದವರೆಗೆ ಬೆಂದುಹೋಯಿತು. ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು. ಮೂರು ವಾರ ಕಳೆದರೂ ಗಾಯ ಒಣಗಲಿಲ್ಲ, ಜ್ವರ ಬಿಡಲಿಲ್ಲ. ದಿನದಿನಕ್ಕೆ ಅವಳು ಹಾಸಿಗೆಯೊಳಗೆ ಕರಗುತ್ತಿದ್ದಳು.

ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು. "ಅವಳದೇ ಚರ್ಮ ತೆಗೆದು ಹಾಕುವಷ್ಟು ಶಕ್ತಿ ಅವಳಲ್ಲಿ ಇಲ್ಲ. ಬೇರೆಯವರದ್ದು ಹಾಕಿದರೆ ಎರಡು ಮೂರು ವಾರ ನಿಲ್ಲುತ್ತದೆ, ಆಮೇಲೆ ಸತ್ತು ಬಿದ್ದುಹೋಗುತ್ತದೆ. ಆದರೆ ಅಷ್ಟು ದಿನ ಗಾಯ ಮುಚ್ಚಿಕೊಂಡಿದ್ದರೆ ಹುಡುಗಿ ಉಳಿಯಬಹುದು."

ಅಮ್ಮ ಕೂಡಲೇ ತನ್ನ ತೋಳು ಮುಂದೆ ಚಾಚಿದಳು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಡಾಕ್ಟರು ಒಪ್ಪಲಿಲ್ಲ. ನಾನು ಒಪ್ಪಿದೆ. ನನ್ನ ಎರಡೂ ತೊಡೆಗಳಿಂದ ತೆಳ್ಳಗೆ ಪಟ್ಟಿ ಪಟ್ಟಿಯಾಗಿ ಚರ್ಮ ತೆಗೆದು ಲೂಸಿಯ ಬೆನ್ನಿಗೆ ಹೊದಿಸಿದರು.

ಆರನೆಯ ದಿನ ಬ್ಯಾಂಡೇಜು ಬಿಚ್ಚುವಾಗ ನಾನು ಗೋಡೆ ಹಿಡಿದುಕೊಂಡು ಹೋಗಿ ನೋಡಿದೆ. ಕೆಂಪು ಗಾಯದ ಮೇಲೆ ಮಾಸಲು ಬಣ್ಣದ ಪಟ್ಟಿಗಳು. ಒಂದರ ಮೇಲೆ, ಅವಳ ಎಡ ಭುಜದ ಕೆಳಗೆ, ಒಂದು ಕಪ್ಪು ಮಚ್ಚೆ. ಅದು ಹುಟ್ಟಿದಂದಿನಿಂದ ನನ್ನ ತೊಡೆಯ ಮೇಲಿದ್ದ ಮಚ್ಚೆ. ನರ್ಸಮ್ಮ ಅದರ ಪಕ್ಕದಲ್ಲಿ ಮೆಲ್ಲಗೆ ಒತ್ತಿ ಬಿಟ್ಟರು. ಬಿಳಿಚಿಕೊಂಡದ್ದು ನಿಧಾನವಾಗಿ ಮತ್ತೆ ಕೆಂಪಾಯಿತು. "ನೋಡಿ, ಜೀವ ಹಿಡಿದಿದೆ" ಎಂದರು. ಕೈ ತೊಳೆಸಿ ನನಗೂ ಮುಟ್ಟಲು ಬಿಟ್ಟರು. ಬೆಚ್ಚಗಿತ್ತು. ನನ್ನದೇ ಚರ್ಮ, ಆದರೆ ಮುಟ್ಟಿಸಿಕೊಂಡದ್ದು ನನಗೆ ತಿಳಿಯಲಿಲ್ಲ.

ಅದೇ ಸಂಜೆ ಲೂಸಿ ಕೇಳಿದಳು. "ಅಕ್ಕ, ನಿನ್ನ ಶಾಲೆಯ ಹಿಂದೆಯೇ ಸಮುದ್ರ ಉಂಟಾ?"

"ಉಂಟು. ಯಾಕೆ?"

"ಬೆನ್ನಿನಲ್ಲಿ ಸದ್ದು ಕೇಳ್ತದೆ."

ಅವಳು ಒಮ್ಮೆಯೂ ನನ್ನ ಶಾಲೆಗೆ ಬಂದವಳಲ್ಲ. ಮಣಿಪಾಲದ ಗುಡ್ಡಕ್ಕೆ ಸಮುದ್ರದ ಸದ್ದು ಬರುವುದೂ ಇಲ್ಲ. ಜ್ವರದ ಮಾತು ಎಂದುಕೊಂಡೆ. ಆದರೆ ಅವಳಿಗೆ ಆ ದಿನ ಜ್ವರ ಇಳಿದಿತ್ತು.

ಅಷ್ಟರಲ್ಲಿ ಶಾಲೆಯಿಂದ ಕಾಗದ ಬಂತು. ನನ್ನ ರಜೆ ಮಂಜೂರಾಗಿಲ್ಲ, ಕೂಡಲೇ ಹಾಜರಾಗದಿದ್ದರೆ ಬೇರೆಯವರನ್ನು ನೇಮಿಸಲಾಗುವುದು ಎಂದಿತ್ತು. ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡೇ ಬಸ್ಸು ಹತ್ತಿದೆ.

ಆ ದಿನ ಶಾಲೆಗೆ ಇನ್‌ಸ್ಪೆಕ್ಟರು ಬಂದಿದ್ದರು. ಬಿಗಿ ಮುಖದ ವಯಸ್ಸಾದ ಮನುಷ್ಯ. ನನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡು ಕೇಳಿದರು. "ಕಾಯಿಲೆ ರಜೆ ಕೇಳಿದ್ದೀರಿ. ನಿಮಗೆ ಎಂತ ಕಾಯಿಲೆ?"

"ಕಾಯಿಲೆ ಇಲ್ಲ ಸರ್. ತಂಗಿಗೆ ಚರ್ಮ ಕೊಟ್ಟಿದ್ದೇನೆ."

ಅವರು ಕನ್ನಡಕ ತೆಗೆದರು. "ರೋಗಿಗೆ ರಜೆ ಉಂಟು ಟೀಚರ್. ಕೊಟ್ಟವರಿಗೆ ಅಂತ ನಿಯಮವೇ ಇಲ್ಲ. ನಾನು ಎಂತ ಬರೆಯುವುದು?"

ಅವರ ದೃಷ್ಟಿ ಕೆಳಗಿಳಿದು ನನ್ನ ಸೀರೆಯ ಮೇಲೆ ನಿಂತಿತು. ಬಸ್ಸಿನ ಕುಲುಕಾಟಕ್ಕೆ ಗಾಯ ಒಸರಿ ರಕ್ತ ಸೀರೆಗೆ ಇಳಿದಿತ್ತು.

"ಮೊದಲು ಕುಳಿತುಕೊಳ್ಳಿ" ಎಂದು ತಾವೇ ಎದ್ದು ಕುರ್ಚಿ ಕೊಟ್ಟರು. ತುಂಬಾ ಹೊತ್ತು ಪೆನ್ನು ಹಿಡಿದು ಯೋಚಿಸಿದರು. ಕೊನೆಗೆ 'ಎರಡೂ ಕಾಲಿಗೆ ಗಾಯ, ಕಣ್ಣಾರೆ ಕಂಡಿದ್ದೇನೆ' ಎಂದು ಬರೆದು ಸಹಿ ಹಾಕಿದರು. ಒಂದು ತಿಂಗಳ ರಜೆ! ಆಮೇಲೆ ದನಿ ತಗ್ಗಿಸಿ, "ಅದು ಅಲ್ಲಿ ಬದುಕಿ ಉಂಟಾ?" ಎಂದು ಕೇಳಿದರು.

"ಉಂಟು ಸರ್. ಬೆಚ್ಚಗೆ ಉಂಟು."

ಅವರು ಮತ್ತೆ ನನ್ನ ಮುಖ ನೋಡಲಿಲ್ಲ. ಕಿಟಕಿಯ ಆಚೆ ಅಲೆಗಳ ಸದ್ದು ಕೇಳುತ್ತಿತ್ತು. ನಾನು ಅಲ್ಲಿ ಹೆಚ್ಚು ಹೊತ್ತು ಕೂರಲಾರದೆ ಎದ್ದು ಬಂದೆ.

ಚರ್ಮ ಹಾಕಿದ ಮೂರನೆಯ ವಾರ ಒಂದು ಮಧ್ಯಾಹ್ನ ಲೂಸಿಗೆ ಗಂಜಿ ಕುಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ತೊಡೆಯಲ್ಲಿ, ಮಚ್ಚೆ ಇದ್ದ ಜಾಗದಲ್ಲಿ, ಮಂಜುಗಡ್ಡೆ ಇಟ್ಟಂತೆ ತಣ್ಣಗಾಯಿತು. ಅದೇ ಹೊತ್ತಿಗೆ ಲೂಸಿ ತಲೆ ಎತ್ತಿ, "ಅಕ್ಕ, ಸದ್ದು ನಿಂತಿತು" ಎಂದಳು. ಬ್ಯಾಂಡೇಜು ಬಿಚ್ಚಿ ನೋಡಿದರೆ ಪಟ್ಟಿಗಳು ಕಪ್ಪಾಗಿ ಅಂಚಿನಿಂದ ಏಳತೊಡಗಿದ್ದವು. ಡಾಕ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇದು ಹೀಗೇ ಆಗುವುದು. ಅದರ ಕೆಲಸ ಮುಗಿಯಿತು" ಎಂದರು. ನಿಜ, ಅಷ್ಟರಲ್ಲಿ ಲೂಸಿ ಎದ್ದು ಕೂರುವಷ್ಟು ಗಟ್ಟಿಯಾಗಿದ್ದಳು. ಮುಂದೆ ಅವಳದೇ ಚರ್ಮ ತೆಗೆದು ಹಾಕಿದರು, ಅದು ನಿಂತಿತು.

ಬಿದ್ದ ಚರ್ಮವನ್ನು ಎಸೆಯಲು ಅಮ್ಮ ಬಿಡಲಿಲ್ಲ. ನರ್ಸಮ್ಮನನ್ನು ಬೇಡಿ, ಬಿಳಿ ಕರವಸ್ತ್ರದಲ್ಲಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ನಮ್ಮ ಇಗರ್ಜಿಯ ಸ್ಮಶಾನಕ್ಕೆ, ಸಿಮಿತ್ರಿಗೆ, ಹೋದಳು. ಬಿಸಿಲು ನೆತ್ತಿಯ ಮೇಲಿತ್ತು. ಗುಂಡಿ ತೋಡುವ ಮುದುಕ ಅಪ್ಪನ ಸಮಾಧಿಯ ಮಗ್ಗುಲಲ್ಲಿ ಮೊಳದಷ್ಟು ಅಗೆದು, ಗಂಟು ನೋಡಿ, "ಮಗುವಾ ಬಾಯಮ್ಮ? ಯಾರದ್ದು?" ಎಂದು ಕೇಳಿದ.

ಅಮ್ಮ ನನ್ನ ಕಡೆ ಬೆರಳು ತೋರಿಸಿದಳು.

"ಇವರ ಮಗುವಾ?"

"ಅಲ್ಲ. ಇವಳದ್ದೇ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡ. ಬೇಗ ಬೇಗ ಮಣ್ಣು ಎಳೆದು ಮುಚ್ಚಿದ.

ಲೂಸಿಗೆ ಮದುವೆಯಾಯಿತು, ಮೊಮ್ಮಕ್ಕಳಾದವು. ನಾನು ಟೀಚರಾಗಿಯೇ ನಿವೃತ್ತಳಾದೆ. ಅಂಗ ಕೊಟ್ಟ ಸರ್ಕಾರಿ ನೌಕರರಿಗೆ ಈಗ ವಿಶೇಷ ರಜೆ ಉಂಟೆಂದು ಪತ್ರಿಕೆಯಲ್ಲಿ ಓದಿದಾಗ ನಿಜಕ್ಕೂ ಸಂತೋಷವಾಯಿತು. ಇನ್ನು ಯಾವ ಅಧಿಕಾರಿಯೂ ಪೆನ್ನು ಹಿಡಿದು ಹಾಗೆ ಯೋಚಿಸಬೇಕಾಗಿಲ್ಲ.

ಸತ್ತವರ ಹಬ್ಬದ ದಿನ ಪ್ರತಿ ವರ್ಷವೂ ನಾವಿಬ್ಬರೂ ಸಿಮಿತ್ರಿಗೆ ಹೋಗುತ್ತೇವೆ. ಅಪ್ಪ ಅಮ್ಮನಿಗೆ ಮೇಣದಬತ್ತಿ ಹಚ್ಚಿದ ಮೇಲೆ ಲೂಸಿ ಮಗ್ಗುಲಿನ ಆ ಜಾಗದಲ್ಲಿ ಇನ್ನೊಂದು ಹಚ್ಚಿ, ಮೊಣಕಾಲೂರಿ, ಸತ್ತವರಿಗಾಗಿ ಹೇಳುವ ಪ್ರಾರ್ಥನೆಯನ್ನೇ ಹೇಳುತ್ತಾಳೆ. ನಾನು ಹಿಂದೆ ನಿಂತಿರುತ್ತೇನೆ. ಆ ಪ್ರಾರ್ಥನೆಗೆ 'ಆಮೆನ್' ಎನ್ನಲು ನನಗೆ ಇವತ್ತಿನವರೆಗೂ ಧೈರ್ಯ ಬಂದಿಲ್ಲ.